ಹನ್ನೆರಡು ಚದರ ಮೀಟರಿಗಿಂತ ಸಣ್ಣದ್ದು

ನಕ್ಷೆ ಸಂಸ್ಕರಣಾ ಘಟಕ
ಹಿಂಜವಾಡಿ, ಪುಣೆ

ಸಂಖ್ಯೆ: ನಸಂಘ/ತ್ವರಿತ/16-1/2024-25
ದಿನಾಂಕ: 25-03-2025

ಸುತ್ತೋಲೆ

ವಿಷಯ: ದೊಡ್ಡ ಗಾತ್ರದ ನಕ್ಷೆ ಕಡತಗಳ ಸಾಮೂಹಿಕ ಸಂಸ್ಕರಣೆಯನ್ನು ತ್ವರಿತಗೊಳಿಸುವ ಬಗ್ಗೆ.

ಉಲ್ಲೇಖ:
(ಅ) ಇದೇ ವಿಷಯದ ಮರಾಠಿ ಸುತ್ತೋಲೆ. ಯಾರೂ ಓದಿರುವುದಿಲ್ಲ.
(ಆ) ಇದೇ ವಿಷಯದ ಇಂಗ್ಲಿಷ್ ಸುತ್ತೋಲೆ. ಎಲ್ಲರೂ ಓದಿರುವುದಾಗಿ ಸಹಿ ಮಾಡಿರುತ್ತಾರೆ.
(ಇ) ಕೊಂಢವಾ ನಿವಾಸಿ ಶ್ರೀಮತಿ ಯಮನವ್ವ ಗಂಡ ತಾಯಪ್ಪ ಇವರ ಮೌಖಿಕ ಮನವಿ, ಮೂರು ಸಲ.

ಪ್ರಸ್ತಾವನೆ

ಶ್ರೀಮತಿ ಯಮನವ್ವ ಇವರಿಗೆ ನೀರಿನ ನಳ ಇರಲಿಲ್ಲ. ಅವರ ಅಕ್ಕಪಕ್ಕದ ನೂರಾ ನಲವತ್ತೆರಡು ಮನೆಗಳಿಗೂ ಇರಲಿಲ್ಲ. ಇವರೆಲ್ಲ ಉತ್ತರ ಕರ್ನಾಟಕದಿಂದ ದುಡಿಯಲು ಬಂದು, ಕೊಂಢವಾದಲ್ಲಿ ಏಳುತ್ತಿರುವ ಕಟ್ಟಡಗಳಿಗೆ ಇಟ್ಟಿಗೆ, ಮರಳು ಹೊರುವವರು. ಅದೇ ಕಟ್ಟಡಗಳ ಹಿಂದೆ ತಗಡಿನ ಶೆಡ್ಡುಗಳಲ್ಲಿ ವಾಸವಿದ್ದು, ದಿನ ಬಿಟ್ಟು ದಿನ ಬರುವ ಒಂದು ಟ್ಯಾಂಕರಿನ ನೀರಿನಲ್ಲಿ ದಿನ ದೂಡುತ್ತಾರೆ. ನಕ್ಷೆಯಲ್ಲಿ ಕಾಣುವ ಪ್ರತಿ ಮನೆಗೆ ಒಂದು ಸಂಖ್ಯೆ, ಸಂಖ್ಯೆ ಸಿಕ್ಕ ಪ್ರತಿ ಮನೆಗೆ ಒಂದು ನಳ ಎಂದು ಮೇಲಿನ ಕಚೇರಿ ತೀರ್ಮಾನಿಸಿ, ಕೊಂಢವಾದ ನಕ್ಷೆ ಸಿದ್ಧಪಡಿಸಲು ಈ ಘಟಕಕ್ಕೆ ಮಾರ್ಚ್ 20ರ ಗಡುವು ನೀಡಿತ್ತು. ನಕ್ಷೆಯಲ್ಲಿ ಕಾಣದ ಮನೆಗೆ ಏನು ಎಂಬುದನ್ನು ಮೇಲಿನ ಕಚೇರಿ ತಿಳಿಸಿಲ್ಲ. ಈ ಘಟಕವೂ ಕೇಳಿಲ್ಲ.

ಫೆಬ್ರವರಿ 18ರಂದು ಡ್ರೋನ್ ಹಾರಿಸಿ ತೆಗೆದ ಚಿತ್ರಗಳು ಒಟ್ಟು 432 ಕಡತಗಳಲ್ಲಿದ್ದು, ಒಂದೊಂದೂ ಮೂರು ಜಿಬಿ ತೂಗುತ್ತದೆ. ಘಟಕದ ಯಂತ್ರವು ಒಂದು ಕಡತವನ್ನು ತೆರೆದು, ಅದರಲ್ಲಿ ಕಂಡದ್ದಕ್ಕೆಲ್ಲ ಸುತ್ತ ಗೆರೆ ಎಳೆದು, ಮುಚ್ಚಿ, ಆಮೇಲೆ ಮುಂದಿನದನ್ನು ತೆರೆಯುತ್ತದೆ. ಕಡತ ಒಂದಕ್ಕೆ 40 ನಿಮಿಷ. ಒಟ್ಟು 288 ಗಂಟೆ, ಅಂದರೆ ಊಟ ನಿದ್ದೆ ಇಲ್ಲದ 12 ದಿನ. ಈ ಲೆಕ್ಕ ಹಾಕಿದ ದಿನ ಗಡುವಿಗೆ ಒಂದು ವಾರವೂ ಉಳಿದಿರಲಿಲ್ಲ.

ಆದ್ದರಿಂದ ಕೆಲಸವನ್ನು ತ್ವರಿತಗೊಳಿಸಲಾಯಿತು. ಹೇಗೆ ತ್ವರಿತಗೊಳಿಸಲಾಯಿತು ಎಂಬುದು ಮುಂದೆಯೂ ಮಾದರಿಯಾಗಬೇಕೆಂಬ ಉದ್ದೇಶದಿಂದ, ಸಿಬ್ಬಂದಿ ಮತ್ತು ಸಾರ್ವಜನಿಕರು ಕೆಳಕಂಡ ನಿಯಮಗಳನ್ನು ಪಾಲಿಸುವಂತೆ ಈ ಮೂಲಕ ಸೂಚಿಸಲಾಗಿದೆ.

1. ಕಡತಗಳ ಸಾಗಣೆ

ಡ್ರೋನ್ ಹಾರಿಸಿದವರ ಕಚೇರಿ ಸ್ವಾರಗೇಟದಲ್ಲಿದೆ. ಅಲ್ಲಿಂದ ಕಡತಗಳನ್ನು ಇಂಟರ್ನೆಟ್ ಮೂಲಕ ಕಳುಹಿಸಲು ಹತ್ತೊಂಬತ್ತು ದಿನ ಬೇಕೆಂದು ತಿಳಿದುಬಂತು. ಡಿಸ್ಕಿಗೆ ತುಂಬಿಸಿ ಬಸ್ಸಿನಲ್ಲಿ ತರಲು, ಹಿಂಜವಾಡಿಯ ಸಂಜೆಯ ವಾಹನ ದಟ್ಟಣೆ ಸೇರಿ, ಎರಡು ಗಂಟೆ ನಲವತ್ತು ನಿಮಿಷ ಸಾಕಾಯಿತು. ಇನ್ನು ಮುಂದೆ ಬಸ್ಸನ್ನೇ ಘಟಕದ ಅತಿ ವೇಗದ ಸಂಪರ್ಕವೆಂದು ಪರಿಗಣಿಸತಕ್ಕದ್ದು. ಬಸ್ಸಿನಲ್ಲಿ ಡಿಸ್ಕಿಗೆ ಕಿಟಕಿ ಪಕ್ಕದ ಸೀಟು, ಸಿಬ್ಬಂದಿಗೆ ನಿಲ್ಲುವ ಜಾಗ. ವಯಸ್ಸಾದವರು ಸೀಟು ಕೇಳಿದಲ್ಲಿ ಡಿಸ್ಕಿನ ಪರವಾಗಿ ಸಿಬ್ಬಂದಿಯೇ ಕ್ಷಮೆ ಕೋರತಕ್ಕದ್ದು, ಮರಾಠಿಯಲ್ಲಿ.

ಡಿಸ್ಕನ್ನು ಯಾರು ತರಬೇಕು ಎಂಬ ಪತ್ರ ವ್ಯವಹಾರಕ್ಕೆ ಹಿಡಿದ ಮೂರು ವಾರಗಳನ್ನು ಸಾಗಣೆಯ ಅವಧಿಗೆ ಸೇರಿಸತಕ್ಕದ್ದಲ್ಲ.

2. ಸಂದರ್ಶಕರಿಗೆ ಚಿತ್ರ ತೋರಿಸುವುದು

ಮಾರ್ಚ್ 13ರಂದು ಶ್ರೀಮತಿ ಯಮನವ್ವ ಇವರು ಎರಡು ಬಸ್ ಬದಲಿಸಿ ಕಚೇರಿಗೆ ಬಂದು, ಗುತ್ತಿಗೆ ಆಧಾರದ ತಾಂತ್ರಿಕ ಸಹಾಯಕರಾದ ಶ್ರೀ ಸಂಜು ಇವರ ಮುಂದೆ ನಿಂತಿರುತ್ತಾರೆ. ಸಂದರ್ಶಕರ ಹೇಳಿಕೆಯನ್ನು ಇದ್ದದ್ದು ಇದ್ದ ಹಾಗೆ ದಾಖಲಿಸುವ ನಿಯಮವಿರುವುದರಿಂದ ದಾಖಲಿಸಲಾಗಿದೆ:

"ನಮ್ ಮನಿ ಬಂದಾದೇನ್ರಿ ಇದ್ರಾಗ? ಮ್ಯಾಲ ಅದು ಗುಂಯ್ ಅಂತ ಹಾರಿದ ದಿನ ತಗಡಿನ ಪತ್ರಾದ ಮ್ಯಾಲ ಮೆಣಸಿನಕಾಯಿ ಒಣಗಾಕಿದ್ದೆ. ಕೆಂಪಗ ಏನರ ಕಂಡ್ರ ಅದು ನಂದೇ ನೋಡ್ರಿ."

ಶ್ರೀ ಸಂಜು ಇವರು ಅನುಮತಿ ಪಡೆಯದೆ 207ನೇ ಕಡತವನ್ನು ತೆರೆದು, ದೊಡ್ಡದು ಮಾಡಿ, "ಕಂಡ್ತಬೇ ಅವ್ವಾ, ಇಲ್ಲಿ ನೋಡು. ಬಾಜೂಕ ನಿಂತಾಕಿ ನೀನೇ ಅನಸ್ತದ" ಎಂದಿರುತ್ತಾರೆ. ಸದರಿ ಮಹಿಳೆಯು ಪರದೆಯ ಹತ್ತಿರ ಮುಖ ತಂದು ನೋಡಿ, "ಅಯ್ಯ, ಅದು ನಾನಲ್ಲೋ ತಮ್ಮಾ, ನೀರಿನ ಡ್ರಮ್ಮು" ಎಂದು ತಿದ್ದಿರುತ್ತಾರೆ. ಕಚೇರಿಯಲ್ಲಿ ನಗು ಉಂಟಾಗಿ ಸುಮಾರು ನಾಲ್ಕು ನಿಮಿಷ ಕೆಲಸ ನಿಂತಿರುತ್ತದೆ.

ಇನ್ನು ಮುಂದೆ ಸಾರ್ವಜನಿಕರಿಗೆ ಅವರ ಮನೆಯನ್ನು ತೋರಿಸತಕ್ಕದ್ದಲ್ಲ. ಒಮ್ಮೆ ನೋಡಿದವರು ಮತ್ತೆ ನೋಡಲು ಬರುತ್ತಾರೆ.

3. ಯಂತ್ರದ ಮೇಲೆ ಡಬ್ಬಿ ಇಡುವುದು

ಯಂತ್ರವು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ ವಿಶೇಷವಾಗಿ ನಿಧಾನವಾಗುತ್ತಿರುವುದು ಕಂಡುಬಂದು ತನಿಖೆ ನಡೆಸಲಾಯಿತು. ಜೋಳದ ರೊಟ್ಟಿ ಬೆಚ್ಚಗಿರಲೆಂದು ಸಿಬ್ಬಂದಿಯವರು ತಮ್ಮ ಡಬ್ಬಿಗಳನ್ನು ಯಂತ್ರದ ಬಿಸಿಗಾಳಿ ಹೊರಹೋಗುವ ಜಾಲರಿಯ ಮೇಲೆ ಸಾಲಾಗಿ ಇಡುತ್ತಿರುವುದು ಪತ್ತೆಯಾಯಿತು. ಗಾಳಿ ಹೋಗದೆ ಯಂತ್ರ ಕಾಯುತ್ತದೆ, ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ರೊಟ್ಟಿ ಮಾತ್ರ ಚೆನ್ನಾಗಿ ಬಿಸಿಯಾಗುತ್ತದೆ.

ಎರಡೂ ಕಡೆಯ ಹಿತವನ್ನು ಗಮನಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ. ಒಂದು ಹೊತ್ತಿಗೆ ನಾಲ್ಕಕ್ಕಿಂತ ಹೆಚ್ಚು ಡಬ್ಬಿ ಇಡತಕ್ಕದ್ದಲ್ಲ. ರೊಟ್ಟಿ, ಶೇಂಗಾ ಚಟ್ನಿಗೆ ಅವಕಾಶವಿದೆ. ಸಾರು, ಮಜ್ಜಿಗೆ ಮುಂತಾದ ಸೋರುವ ಪದಾರ್ಥಗಳಿಗೆ ಇಲ್ಲ. ಕಳೆದ ಖಂಡೆ ನವಮಿಯ ಆಯುಧಪೂಜೆಯಂದು ಯಂತ್ರಕ್ಕೆ ಕಟ್ಟಿದ ನಿಂಬೆಹಣ್ಣು ಈಗ ಒಣಗಿ ಜಾಲರಿಯ ಒಳಗೆ ಬಿದ್ದಿದ್ದು, ಅದನ್ನು ತೆಗೆಯುವ ಅಧಿಕಾರ ಯಾರಿಗಿದೆ ಎಂದು ಪರಿಶೀಲಿಸಲಾಗುತ್ತಿದೆ.

4. ಹದಿನಾರು ಕೋರ್‌ಗಳ ಸರದಿ

ಯಂತ್ರದೊಳಗೆ ಕೋರ್ ಎಂದು ಕರೆಯಲ್ಪಡುವ, ಪ್ರತ್ಯೇಕವಾಗಿ ದುಡಿಯಬಲ್ಲ ಹದಿನಾರು ಭಾಗಗಳಿವೆ. ಅವುಗಳಲ್ಲಿ ಒಂದೇ ಒಂದು ದುಡಿಯುತ್ತಿದೆ ಎಂದು ಮಾರ್ಚ್ 14ರಂದು ಶ್ರೀ ಸಂಜು ಇವರು ಅಧೀಕ್ಷಕರಾದ ಶ್ರೀ ಸಿದ್ದಲಿಂಗಪ್ಪ ಇವರ ಗಮನಕ್ಕೆ ತಂದಿರುತ್ತಾರೆ. ಅವರ ಮಾತು: "ಸರ್, ಹದಿನಾರು ಮಂದಿ ಆಳ ಹಚ್ಚಿ, ಒಬ್ಬನ ಕೈಯಾಗಷ್ಟೇ ಬುಟ್ಟಿ ಕೊಟ್ಟೀವ್ರಿ. ಉಳಿದ ಹದಿನೈದು ಮಂದಿ ನಿಂತ ನೋಡಾಕತ್ತಾರ. ಕಡತ ಒಂದಕ್ಕೊಂದು ಕಾಯೂದು ಬ್ಯಾಡ್ರಿ, ಹದಿನಾರಕ್ಕೂ ಹಂಚಿ ಬಿಡೂಣು."

ಅಧೀಕ್ಷಕರು ಇದನ್ನು ಪರಿಶೀಲಿಸಿ, ಒಬ್ಬ ದುಡಿದು ಹದಿನೈದು ಮಂದಿ ನೋಡುವ ವ್ಯವಸ್ಥೆಯು ಘಟಕದ ಉಳಿದ ವಿಭಾಗಗಳ ಪದ್ಧತಿಗೆ ಅನುಗುಣವಾಗಿಯೇ ಇದ್ದು, ಯಂತ್ರಕ್ಕೆ ಮಾತ್ರ ಬೇರೆ ನಿಯಮ ಮಾಡಿದಲ್ಲಿ ಸಿಬ್ಬಂದಿಯಲ್ಲಿ ಗೊಂದಲ ಉಂಟಾಗಬಹುದೆಂದು ಅಭಿಪ್ರಾಯಪಟ್ಟಿರುತ್ತಾರೆ. ಆದರೂ ಒಂದೇ ಕೋರ್‌ಗೆ ಅನ್ಯಾಯವಾಗಬಾರದೆಂಬ ದೃಷ್ಟಿಯಿಂದ ಸರದಿ ನಿಗದಿಪಡಿಸಲಾಗಿದೆ. ಸೋಮವಾರ ಒಂದನೇ ಕೋರ್, ಮಂಗಳವಾರ ಎರಡನೇ ಕೋರ್, ಹೀಗೆ. ಭಾನುವಾರ ಎಲ್ಲ ಕೋರ್‌ಗಳಿಗೂ ವಾರದ ರಜೆ. ಒಂದು ಕೋರ್ ತನ್ನ ಸರದಿಯನ್ನು ಇನ್ನೊಂದಕ್ಕೆ ಬಿಟ್ಟುಕೊಡತಕ್ಕದ್ದಲ್ಲ.

5. ಅನುಮತಿ ಇಲ್ಲದೆ ಸರಿಯಾಗಿ ಬಂದ ಫಲಿತಾಂಶಗಳು

ಮೇಲಿನ ಸರದಿ ಜಾರಿಗೆ ಬಂದ ಮರುದಿನವೇ, ಅಂದರೆ ಮಾರ್ಚ್ 15ರ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ಶ್ರೀ ಸಂಜು ಇವರು ಎಲ್ಲ ಡಬ್ಬಿಗಳನ್ನು ಕೆಳಗಿಳಿಸಿ, 432 ಕಡತಗಳನ್ನು ಹದಿನಾರೂ ಕೋರ್‌ಗಳಿಗೆ ಹಂಚಿ, ಯಂತ್ರವನ್ನು ಚಾಲೂ ಮಾಡಿ ಮನೆಗೆ ಹೋಗಿರುತ್ತಾರೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕೆಲಸ ಮುಗಿದಿರುತ್ತದೆ. ಒಟ್ಟು 21 ಗಂಟೆ. ಏನನ್ನೂ ಬಿಟ್ಟಿರುವುದಿಲ್ಲ. ಸದರಿ ವಸತಿಯ 143 ಮನೆಗಳನ್ನು ಮನೆಗಳೆಂದು, 211 ಡ್ರಮ್ಮುಗಳನ್ನು ಡ್ರಮ್ಮುಗಳೆಂದು, ಟ್ಯಾಂಕರನ್ನು ಟ್ಯಾಂಕರೆಂದು ಗುರುತಿಸಿರುತ್ತದೆ.

ಸೋಮವಾರ ಇದು ಬೆಳಕಿಗೆ ಬಂದು ಅಧೀಕ್ಷಕರು ಕೇಳಲಾಗಿ, "ತಪ್ಪೇನಾತ್ರಿ ಸರ್? ಮುಗದದಲ್ರಿ" ಎಂದು ಶ್ರೀ ಸಂಜು ಇವರು ಉತ್ತರಿಸಿರುತ್ತಾರೆ. ಅದಕ್ಕೆ ಅಧೀಕ್ಷಕರು, "ಮುಗದದ್ದೇ ತ್ರಾಸ ಆಗೇದೋ ಮಾರಾಯಾ. ಹನ್ನೆರಡ ದಿನ ಬೇಕಂತ ಮ್ಯಾಲಿನವರಿಗೆ ನಾನ ಬರದ ಕೊಟ್ಟೀನಿ. ಈಗ ಒಂದ ದಿನದಾಗ ಕೊಟ್ರ, ಇಷ್ಟ ವರ್ಷ ಏನ ಮಾಡಾಕತ್ತಿದ್ರಿ ಅಂತ ಕೇಳ್ತಾರ, ಅವಾಗ ನೀ ಬರ್ತಿ ಏನು ಉತ್ತರಾ ಹೇಳಾಕ?" ಎಂದಿರುತ್ತಾರೆ.

ರಜೆಯ ದಿನ ದುಡಿಸಿದ, ಸರದಿ ಮೀರಿದ, ಟಿಪ್ಪಣಿ ಇಲ್ಲದ ಸದರಿ ಫಲಿತಾಂಶವನ್ನು ಅದೇ ದಿನ ಅಳಿಸಲಾಗಿದೆ. ಅಳಿಸಲು ಎಲ್ಲ ಕೋರ್‌ಗಳನ್ನೂ ಬಳಸಿಕೊಳ್ಳಲು ವಿಶೇಷ ಅನುಮತಿ ನೀಡಲಾಗಿತ್ತು. ಶ್ರೀ ಸಂಜು ಇವರಿಗೆ ನೋಟಿಸ್ ಜಾರಿ ಮಾಡಲಾಗಿದೆ.

6. ಹನ್ನೆರಡು ಚದರ ಮೀಟರಿನ ನಿಯಮ

ಆ ಹೊತ್ತಿಗೆ ಗಡುವಿಗೆ ಮೂರು ದಿನ ಮಾತ್ರ ಉಳಿದಿದ್ದು, ಸರದಿಯನ್ನೂ ಮುರಿಯದೆ ವೇಗವನ್ನೂ ಹೆಚ್ಚಿಸುವ ದಾರಿಯನ್ನು ಅಧೀಕ್ಷಕರೇ ಕಂಡುಹಿಡಿದಿರುತ್ತಾರೆ. ಅವರ ಸೂಚನೆ ಹೀಗಿದೆ: "ಸಣ್ಣಪುಟ್ಟದ್ದೆಲ್ಲಾ ತಗದ ಒಗೀರಿ. ಕಲ್ಲು, ನಾಯಿ, ಡ್ರಮ್ಮು, ಮೋಟಾರ ಸೈಕಲ್ಲು, ಎಲ್ಲಾದಕ್ಕೂ ಗೆರಿ ಹೊಡಕೋತ ಕುಂತ್ರ ಯಂತ್ರ ಹ್ಯಾಂಗ ಓಡ್ತದ್ರಿ?"

ಸಣ್ಣದ್ದು ಎಂದರೆ ಎಷ್ಟು ಎಂಬ ಪ್ರಶ್ನೆ ಉದ್ಭವಿಸಿತು. ಅಧೀಕ್ಷಕರು ತಮ್ಮ ಫ್ಲಾಟಿನ ಪಾರ್ಕಿಂಗ್ ಜಾಗವನ್ನು ಆಧಾರವಾಗಿಟ್ಟುಕೊಂಡು ಹನ್ನೆರಡು ಚದರ ಮೀಟರ್ ಎಂದು ನಿಗದಿಪಡಿಸಿದರು. "ನಂದು ಹನ್ನೆರಡೂವರಿ ಅದ. ಅದಕ್ಕಿಂತ ಸಣ್ಣದ್ರಾಗ ಕಾರ ಹಿಡಿಯಂಗಿಲ್ಲ, ಮನಶ್ಯಾ ಹಿಡೀತಾನೇನ್ರಿ?"

ಈ ಪ್ರಶ್ನೆಯನ್ನೇ ಉತ್ತರವೆಂದು ದಾಖಲಿಸಿ ನಿಯಮವನ್ನು ಜಾರಿಗೊಳಿಸಲಾಯಿತು. ಹನ್ನೆರಡು ಚದರ ಮೀಟರಿಗಿಂತ ಸಣ್ಣದಾದ ಯಾವುದನ್ನೂ ಯಂತ್ರವು ನೋಡತಕ್ಕದ್ದಲ್ಲ, ನೋಡಿದರೂ ನೆನಪಿಟ್ಟುಕೊಳ್ಳತಕ್ಕದ್ದಲ್ಲ. ಕಡತ ಒಂದಕ್ಕೆ 40 ನಿಮಿಷ ಹಿಡಿಯುತ್ತಿದ್ದದ್ದು 9 ನಿಮಿಷಕ್ಕೆ ಇಳಿಯಿತು. ಅಧೀಕ್ಷಕರಿಗೆ ಪ್ರಶಂಸಾ ಪತ್ರ ನೀಡಲು ಶಿಫಾರಸು ಮಾಡಲಾಗಿದೆ.

ಕೊಂಢವಾದ ಸದರಿ ವಸತಿಯಲ್ಲಿ ಪ್ರತಿ ಶೆಡ್ಡು ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ ಇದ್ದು, ಹನ್ನೊಂದು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ತಗಡುಗಳು ಅಂಗಡಿಯಲ್ಲಿ ಅದೇ ಅಳತೆಗೆ ಸಿಗುತ್ತವೆ. ಇದಕ್ಕೆ ಈ ಘಟಕ ಹೊಣೆಯಲ್ಲ.

7. ಖಾರಪುಡಿಯ ವಿಲೇವಾರಿ

ಮಾರ್ಚ್ 18ರಂದು ಶ್ರೀಮತಿ ಯಮನವ್ವ ಇವರು ಎರಡನೇ ಸಲ ಬಂದು, "ಮನಿ ಕಾಣಸಿತ್ತಲ್ರಿ, ಅವೇ ಮೆಣಸಿನಕಾಯಿ ಕುಟ್ಟಿಸಿಕೊಂಡ ಬಂದೀನಿ, ಎಲ್ಲಾರೂ ರೊಟ್ಟ್ಯಾಗ ಹಚ್ಕೋರ್ರಿ" ಎಂದು ಒಂದು ಡಬ್ಬಿ ಖಾರಪುಡಿಯನ್ನು ಮೇಜಿನ ಮೇಲೆ ಇಟ್ಟಿರುತ್ತಾರೆ. ಇದನ್ನು ಸರ್ಕಾರಿ ಕೆಲಸದ ಮೇಲೆ ಪ್ರಭಾವ ಬೀರುವ ಯತ್ನವೆಂದು ಪರಿಗಣಿಸಿ ಜಪ್ತು ಮಾಡಿ, ಸಿಬ್ಬಂದಿಯಲ್ಲಿ ಸಮನಾಗಿ ಹಂಚಲಾಗಿದೆ. ಅಧೀಕ್ಷಕರು ಎರಡು ಪಾಲು ಪಡೆದಿರುತ್ತಾರೆ. ಶ್ರೀ ಸಂಜು ಇವರು ತಮ್ಮ ಪಾಲನ್ನು ಸ್ವೀಕರಿಸಿರುವುದಿಲ್ಲ. ಇನ್ನು ಮುಂದೆ ಜಪ್ತಾದ ವಸ್ತುವನ್ನು ನಿರಾಕರಿಸುವುದನ್ನು ಅಶಿಸ್ತೆಂದು ಪರಿಗಣಿಸಲಾಗುವುದು.

8. ಪ್ರಗತಿ ಪಟ್ಟಿಯನ್ನು ನೋಡುವುದು

ಯಂತ್ರದ ಪರದೆಯ ಮೇಲೆ ಎಷ್ಟು ಕೆಲಸ ಮುಗಿದಿದೆ ಎಂದು ತೋರಿಸುವ ಹಸಿರು ಪಟ್ಟಿ ಇರುತ್ತದೆ. ಎಲ್ಲರೂ ಒಟ್ಟಿಗೆ ನೋಡಿದಾಗ ಪಟ್ಟಿ ನಿಲ್ಲುತ್ತದೆ, ಚಹಾಕ್ಕೆ ಹೋಗಿ ಬಂದಾಗ ಮುಂದೆ ಹೋಗಿರುತ್ತದೆ ಎಂಬುದು ಸಿಬ್ಬಂದಿಯ ಅನುಭವ. ಆದ್ದರಿಂದ ಚಹಾಕ್ಕೆ ಹೋಗುವುದನ್ನು ಸಂಸ್ಕರಣೆಯ ಭಾಗವೆಂದು ಮಾನ್ಯ ಮಾಡಲಾಗಿದೆ. ಒಬ್ಬರು ಮಾತ್ರ ಕಚೇರಿಯಲ್ಲಿ ಉಳಿದು, ಪಟ್ಟಿಗೆ ಬೆನ್ನು ತಿರುಗಿಸಿ ಕುಳಿತು ಕಾವಲು ಕಾಯತಕ್ಕದ್ದು. ಪಟ್ಟಿಯು 99ರಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತಲ್ಲಿ 100 ಎಂದು ಓದತಕ್ಕದ್ದು.

9. ನಕ್ಷೆ ಸಲ್ಲಿಕೆ ಮತ್ತು ಮನೆ ಸಂಖ್ಯೆ

ಈ ಎಲ್ಲ ಕ್ರಮಗಳಿಂದ 432 ಕಡತಗಳೂ 65 ಗಂಟೆಯಲ್ಲಿ ಮುಗಿದು, ಗಡುವಿನ ದಿನವೇ ನಕ್ಷೆಯನ್ನು ಸಲ್ಲಿಸಲಾಗಿದೆ. ಸದರಿ ವಸತಿಯ ಹದ್ದಿನೊಳಗೆ ಹನ್ನೆರಡು ಚದರ ಮೀಟರಿಗಿಂತ ದೊಡ್ಡದಾದ ಮೂರು ರಚನೆಗಳು ಕಂಡುಬಂದು, ಮೂರಕ್ಕೂ ಮನೆ ಸಂಖ್ಯೆ ನೀಡಲಾಗಿದೆ. ಮನೆ ಸಂಖ್ಯೆ 1, ಕೂಲಿಗಳ ಮೇಸ್ತ್ರಿಯಾದ ಮುಕಾದಮನ ಕಚೇರಿ. ಮನೆ ಸಂಖ್ಯೆ 2, ಸಿಮೆಂಟಿನ ಗೋದಾಮು. ಮನೆ ಸಂಖ್ಯೆ 3, ಡ್ರೋನ್ ಹಾರಿದ ದಿನ ಅಲ್ಲಿ ನಿಂತಿದ್ದ ನೀರಿನ ಟ್ಯಾಂಕರ್.

ಟ್ಯಾಂಕರಿಗೆ ನಳ ಮಂಜೂರಾಗಿದ್ದು, ಅದು ನಿಂತಿದ್ದ ಜಾಗದಲ್ಲಿ ಕೊಳವೆ ಹಾಕಲಾಗಿದೆ. ಟ್ಯಾಂಕರ್ ಸದ್ಯ ಅಲ್ಲಿಲ್ಲ. ಕುಟುಂಬ ಮನೆಯಲ್ಲಿ ಇಲ್ಲದ ಕಾರಣ ಕೊಳವೆಗೆ ಬೀಗ ಹಾಕಲಾಗಿದೆ. ಮನೆ ಸಂಖ್ಯೆ 3ರ ಯಜಮಾನರು ಗುರುತಿನ ಚೀಟಿಯೊಂದಿಗೆ ಹಾಜರಾಗಿ ಬೀಗದ ಕೈ ಪಡೆಯತಕ್ಕದ್ದು. ವಸತಿಗೆ ನಳ ಮಂಜೂರಾದ ಕಾರಣ ದಿನ ಬಿಟ್ಟು ದಿನದ ಟ್ಯಾಂಕರ್ ಸೇವೆಯನ್ನು ಏಪ್ರಿಲ್ 1ರಿಂದ ನಿಲ್ಲಿಸಲಾಗುವುದು.

10. ಮೂರನೇ ಭೇಟಿ

ಮಾರ್ಚ್ 21ರಂದು ಶ್ರೀಮತಿ ಯಮನವ್ವ ಇವರು ಮತ್ತೆ ಬಂದು, ಗೋಡೆಗೆ ಅಂಟಿಸಿದ ನಕ್ಷೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಹುಡುಕಿರುತ್ತಾರೆ. ಅಲ್ಲಿ ಖಾಲಿ ಜಾಗ ಎಂದು ಬರೆದಿತ್ತು. ನಂತರ ಶ್ರೀ ಸಂಜು ಇವರನ್ನು ಕುರಿತು, "ಅಲ್ಲೋ ತಮ್ಮಾ, ಅವತ್ತ್ ನೀನೇ ತೋರಿಸಿದ್ದಿಯಲ್ಲ? ಮೆಣಸಿನಕಾಯಿ ಇಳಿಸಿದ್ದಕ್ಕ ಕಾಣವಲ್ದೇನು? ಮತ್ತ ಹಾಕ್ಲೇನು?" ಎಂದು ಕೇಳಿರುತ್ತಾರೆ.

ಶ್ರೀ ಸಂಜು ಇವರು ಉತ್ತರ ನೀಡಿರುವುದಿಲ್ಲ. ಉತ್ತರ ನೀಡದೆ ಇದ್ದದ್ದನ್ನು ಶಿಸ್ತೆಂದು ಪರಿಗಣಿಸಿ ಅವರ ಮೇಲಿನ ನೋಟಿಸನ್ನು ಹಿಂಪಡೆಯಲಾಗಿದೆ. ಅವರ ಪರವಾಗಿ ಅಧೀಕ್ಷಕರು, "ಯಮನವ್ವ ಬಾಯಾರ, ನಿಮ್ಮನಿ ಎಲ್ಲೂ ಹೋಗಿಲ್ರಿ, ಅಲ್ಲೇ ಅದ. ನಕ್ಷಾದಾಗ ಅಷ್ಟ ಇಲ್ಲ" ಎಂದು ಸಮಾಧಾನ ಹೇಳಿರುತ್ತಾರೆ. ಅದಕ್ಕೆ ಸದರಿ ಮಹಿಳೆಯು, "ಹಂಗಾರ ನಳಾನೂ ನಕ್ಷಾದಾಗ ಹಾಕಿ ಕೊಡ್ರಿ, ಮನ್ಯಾಗ ಗ್ವಾಡಿಗಿ ಹಚ್ಚಿ ನೀರು ಕುಡಿತೀವಿ" ಎಂದು, ಖಾರಪುಡಿಯ ಖಾಲಿ ಡಬ್ಬಿಯನ್ನು ವಾಪಸ್ ಪಡೆದು ಹೋಗಿರುತ್ತಾರೆ. ಡಬ್ಬಿಗೆ ರಸೀದಿ ಪಡೆಯಲಾಗಿದೆ.

11. ಸಾರ್ವಜನಿಕರಿಗೆ ಸೂಚನೆಗಳು

(ಅ) ಮುಂದಿನ ಡ್ರೋನ್ ಹಾರಾಟವು ಮೂರು ವರ್ಷಗಳ ನಂತರ ನಡೆಯಲಿದ್ದು, ಅಂದು ತಗಡಿನ ಮೇಲೆ ಒಣಗಲು ಹಾಕುವ ಮೆಣಸಿನಕಾಯಿ, ಸಂಡಿಗೆ, ಕೌದಿ ಇತ್ಯಾದಿಗಳು ಹನ್ನೆರಡು ಚದರ ಮೀಟರಿಗೆ ಕಡಿಮೆ ಇರತಕ್ಕದ್ದಲ್ಲ. ಅಷ್ಟು ಮೆಣಸಿನಕಾಯಿ ಇಲ್ಲದವರು ನೆರೆಯವರೊಂದಿಗೆ ಕೂಡಿ ಹಾಕಬಹುದು. ಅಂಥ ಸಂದರ್ಭದಲ್ಲಿ ಎರಡೂ ಕುಟುಂಬಗಳನ್ನು ಒಂದೇ ಕುಟುಂಬವೆಂದು ಪರಿಗಣಿಸಲಾಗುವುದು.

(ಆ) ಶೆಡ್ಡನ್ನು ಒಂದು ಅಡಿಯಾದರೂ ಅಗಲ ಮಾಡಿಕೊಳ್ಳತಕ್ಕದ್ದು. ಪಕ್ಕದ ಶೆಡ್ಡಿನವರೂ ಒಂದು ಅಡಿ ಅಗಲ ಮಾಡಿಕೊಳ್ಳುವುದರಿಂದ ನಡುವಿನ ಓಣಿ ಇಲ್ಲವಾಗುತ್ತದೆ. ಓಣಿಯು ಹೇಗೂ ನಕ್ಷೆಯಲ್ಲಿ ಇಲ್ಲ.

(ಇ) ಹಾರಾಟದ ದಿನ ಟ್ಯಾಂಕರನ್ನು ಆದರದಿಂದ ದೂರ ನಿಲ್ಲಿಸತಕ್ಕದ್ದು.

(ಈ) ನಕ್ಷೆಯಲ್ಲಿ ಮನೆ ಬಾರದವರು ಲಿಖಿತ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿಯಲ್ಲಿ ಮನೆ ಸಂಖ್ಯೆ ಕಡ್ಡಾಯ.

12. ಮೂಲ ಕಡತಗಳು

ಡಿಸ್ಕ್ ಬೇರೆ ಕಾಮಗಾರಿಗೆ ಬೇಕಾಗಿದ್ದರಿಂದ ಮೂಲ ಚಿತ್ರಗಳನ್ನು ಮಾರ್ಚ್ 20ರ ಸಂಜೆಯೇ ಅಳಿಸಿ, ಡಿಸ್ಕನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಸ್ವಾರಗೇಟಕ್ಕೆ ಕಳುಹಿಸಲಾಗಿದೆ. ಆದ್ದರಿಂದ ಆ ದಿನ ಅಲ್ಲಿ ಏನು ಕಾಣುತ್ತಿತ್ತು ಎಂಬ ಬಗ್ಗೆ ಇನ್ನು ಮುಂದೆ ಯಾವುದೇ ವಿವಾದಕ್ಕೆ ಆಸ್ಪದವಿರುವುದಿಲ್ಲ.

ಮೇಲ್ಕಂಡ ನಿಯಮಗಳು ತಕ್ಷಣದಿಂದ ಜಾರಿಗೆ ಬರುತ್ತವೆ. 3ನೇ ನಿಯಮ ಮಾತ್ರ ನಾಳೆಯ ಊಟದ ನಂತರ.

(ಸಹಿ ಇದೆ)
ಭುಜಂಗ
ಉಪನಿರ್ದೇಶಕರು
ನಕ್ಷೆ ಸಂಸ್ಕರಣಾ ಘಟಕ

ಪ್ರತಿಗಳು:
1. ಮೇಲಿನ ಕಚೇರಿಗೆ, ಸಂತೋಷಕ್ಕಾಗಿ.
2. ಅಧೀಕ್ಷಕರಾದ ಶ್ರೀ ಸಿದ್ದಲಿಂಗಪ್ಪ ಇವರಿಗೆ, ಚೌಕಟ್ಟು ಹಾಕಿಸಿಕೊಳ್ಳಲು.
3. ಶ್ರೀ ಸಂಜು ಇವರಿಗೆ, ಓದಿ ಸಹಿ ಮಾಡಲು. ಓದಿರುತ್ತಾರೆ. ಸಹಿ ಮಾಡಿರುವುದಿಲ್ಲ.
4. ಒಂದರಿಂದ ಹದಿನಾರನೇ ಕೋರ್‌ವರೆಗೆ, ಸರದಿಯ ಪ್ರಕಾರ.
5. ಮನೆ ಸಂಖ್ಯೆ 3, ಕೊಂಢವಾ. ಅಂಚೆಯವರು ಹಿಂದಿರುಗಿಸಿದ್ದಾರೆ, 'ಮನೆಯು ನೀರು ತರಲು ಹೋಗಿದೆ' ಎಂಬ ಷರಾದೊಂದಿಗೆ.
6. ಶ್ರೀಮತಿ ಯಮನವ್ವ ಗಂಡ ತಾಯಪ್ಪ. ವಿಳಾಸ ಇಲ್ಲದ ಕಾರಣ ಕಳುಹಿಸಿಲ್ಲ.
7. ಕಚೇರಿ ಪ್ರತಿ.

ವಾರ್ಷಿಕ ವರದಿಗಾಗಿ ಸಾರಾಂಶ:
ಉಳಿಸಿದ್ದು: 223 ಗಂಟೆ.
ಕಳೆದದ್ದು: ಒಣಗಲು ಹಾಕಿದ ಮೆಣಸಿನಕಾಯಿ, ಒಂದು ಕಡೆ. ನೀರಿನ ಡ್ರಮ್ಮು, 211. ಮನೆ, 143.